ಕೊಯ್ಲಿಗೆ ಮೊದಲೇ ಹೇಳಿದ ಕೊನೆ

ವಯನಾಡಿನ ಚೇಕಾಡಿ ಎಂಬ ಹಳ್ಳಿಯ ಚಾಮುಂಡಮ್ಮನ ಬಳಿ ಒಂದು ಕಥೆ ಇತ್ತು, ಆ ಕಥೆಗೊಂದು ಕಟ್ಟುಪಾಡೂ ಇತ್ತು. ಗಂಡನ ಮನೆಯ ಕಾಟ ತಾಳಲಾರದೆ ಕಾಡು ಸೇರಿ ಆನೆಯಾದ ಹೆಣ್ಣುಮಗಳ ಕಥೆ ಅದು. ಅರ್ಧವನ್ನು ನಾಟಿ ಕಾಲದಲ್ಲಿ ಹೇಳಬೇಕು. ಉಳಿದರ್ಧ, ಭತ್ತವೆಲ್ಲ ಮನೆ ಸೇರಿದ ಮೇಲೆಯೇ. ಪೈರು ನಿಂತಿರುವಾಗ ಕೊನೆ ಹೇಳಿದರೆ ಆನೆ ಗದ್ದೆಗೆ ಬರುತ್ತದೆ ಎಂದು ಆ ಮನೆಯವರ ನಂಬಿಕೆ. ತಮ್ಮನ ಮಗಳು ಲತಾಮಣಿ ನಾಟಿಯ ಹೊತ್ತಿಗೆ ಬಂದು ಅರ್ಧ ಕೇಳಿ, ಕೊನೆ ಹೇಳೆಂದು ಎಷ್ಟು ಗೋಗರೆದರೂ ಮುದುಕಿ ಬಾಯಿ ಬಿಡಲಿಲ್ಲ.

ಈ ಲತಾಮಣಿಯೇನು ಕಡಿಮೆಯವಳಲ್ಲ ಬಿಡಿ! ಬತ್ತೇರಿ ಪೇಟೆಯ ಅಂಗಡಿ ಬೀದಿಯಲ್ಲಿ ಬೆಳೆದವಳು, ಕೊಯ್ಲಿಗೆಂದು ಒಮ್ಮೆಯೂ ಚೇಕಾಡಿಗೆ ಬಂದವಳಲ್ಲ. ಸಿನಿಮಾ, ಸೀರಿಯಲ್ಲುಗಳು ಹಳೆಯ ಕಥೆಗಳನ್ನು ಹೇಗೆ ತಿರುಚುತ್ತವೆ ಎಂಬುದೇ ಅವಳ ಸಂಶೋಧನೆ. ಕಾಡು ಸೇರಿದ ಹೆಂಗಸನ್ನೆಲ್ಲ ರಕ್ತ ಕುಡಿಯುವ ಯಕ್ಷಿ ಮಾಡಿಬಿಡುತ್ತಾರೆಂದು ವೇದಿಕೆ ಹತ್ತಿ ಹರಿಹಾಯ್ದವಳೂ ಅವಳೇ. ಅಂಥವಳ ಬಾಯಿಂದ ಅರ್ಧ ಕಥೆ ಕೇಳಿದ್ದ ಸೀರಿಯಲ್ ನಿರ್ದೇಶಕನೊಬ್ಬ, ಫೋನು ಮಾಡಿ ಕೊನೆ ಏನಾಯಿತೆಂದು ಕೇಳಿದ. ಕೊಯ್ಲಿನ ತನಕ ತಡೆಯಿರಿ ಎಂದಿದ್ದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತಲ್ಲ, "ಯಕ್ಷಿಯಾಗಿ ಬಂದು ಗಂಡನ ವಂಶವನ್ನೇ ಮುಗಿಸುತ್ತಾಳೆ" ಎಂದುಬಿಟ್ಟಳು. ತಾನು ಬೈಯುತ್ತಿದ್ದ ಸಿನಿಮಾಗಳಿಂದಲೇ ಎತ್ತಿ ಕೊಟ್ಟ ಕೊನೆ ಅದು.

ಕೊಯ್ಲಿಗೆ ಮುಂಚೆಯೇ ಕಥೆ ಟಿವಿಗೆ ಬಂತು. ವಯನಾಡಿನ ಹಳೆಯ ಕಥೆ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿದರು. ಅಂದಿನಿಂದ ಲತಾಮಣಿಗೆ ತುತ್ತು ಇಳಿಯದಾಯಿತು. ಆ ವರ್ಷ ಮೊದಲ ಸಲ ಕೊಯ್ಲಿಗೆ ಚೇಕಾಡಿಗೆ ಬಂದಳು.

ಭತ್ತವೆಲ್ಲ ಮನೆ ಸೇರಿದ ಸಂಜೆ ಅಂಗಳದಲ್ಲಿ ಹುಲ್ಲಿನ ಮೇಲೆ ಮಕ್ಕಳು ಕೂತಿದ್ದರು. ಚಾಮುಂಡಮ್ಮ ಸೆರಗು ಸರಿಮಾಡಿಕೊಂಡು, "ಆನೆಯಾದ್ಲಲ್ಲ, ಆಮೇಲೇನ್ ಮಾಡುದ್ಲು ಯೋಳಿ ನೋಡವಾ?" ಎಂದಳು.

"ಯಕ್ಷಿಯಾಗಿ ಬಂದು ಎಲ್ಲಾರ್ನೂ ಕೊಂದ್ಲು!" ಪಕ್ಕದ ಮನೆಯ ಓಮನಳ ಮಗಳು ನಿಮಿಷಾ ಕೂಗಿದಳು. "ಟಿವೀಲಿ ಕಂಡಿದೀವಿ ಅಮ್ಮಮ್ಮ!"

"ಇಲ್ಲ ಕಣ್ ಮೋಳೇ, ಅವ್ಳು ಯಾರ್ನೂ ಕೊಲ್ಲಾಕಿಲ್ಲ."

"ಅಮ್ಮಮ್ಮಂಗೆ ಮರ್ತೋಗದೆ!" ಮಕ್ಕಳು ನಗುತ್ತ ಎದ್ದು ಓಡಿದರು.

ಮುದುಕಿ ಲತಾಮಣಿಯ ಕಡೆ ತಿರುಗಿದಳು. "ನೀನಾದ್ರೂ ಯೋಳವ್ವ. ಓದ್ದೋಳು ನೀನು. ಟಿವಿಯೋರು ಸುಳ್ಳು ತೋರ್ಸವ್ರೆ ಅಂತ ಯೋಳು."

ಲತಾಮಣಿ ತಲೆ ತಗ್ಗಿಸಿದಳು. ಹೌದೆಂದಿದ್ದರೆ ಅಲ್ಲಿಗೆ ಬಚಾವಾಗುತ್ತಿದ್ದಳು. ಆದರೆ ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಟಿವಿಯೋರಲ್ಲ ಅತ್ತೆ. ನಾನೇ ಹೇಳಿಕೊಟ್ಟೆ. ನನ್ನದೇ ತಪ್ಪು."

ಚಾಮುಂಡಮ್ಮ ಬೈಯಲಿಲ್ಲ. ಮಡಿಲಿನ ಹೊಟ್ಟು ಕೊಡವಿದಳು. "ಕೊಯ್ಲು ಗಂಟ ತಡ್ಕೊಳಾಕಾಗ್ಲಿಲ್ವ ಮಗ?" ಎಂದಷ್ಟೇ ಕೇಳಿದಳು. ನಾಲ್ಕು ಬೈದಿದ್ದರೆ ಲತಾಮಣಿಯ ಮನಸ್ಸಿನ ಭಾರ ಎಷ್ಟೋ ಇಳಿಯುತ್ತಿತ್ತು.

"ಕೂತ್ಕೊ. ಹೂಂಗುಟ್ತಾ ಕೇಳು."

ಖಾಲಿ ಅಂಗಳದಲ್ಲಿ ಮುದುಕಿ ಕಥೆ ಹೇಳಿದಳು. ಪೈರು ಹಣ್ಣಾದಾಗಲೆಲ್ಲ ಆನೆ ತವರಿನ ಗದ್ದೆಯ ಬದುವಿಗೆ ಬಂದು ನಿಲ್ಲುತ್ತದೆ. ಕಾವಲಿಗೆ ಕೂತ ತಾಯಿ ಅಟ್ಟಣೆಯ ಮೇಲಿಂದಲೇ, "ಹೊಟ್ಟೆ ತುಂಬ ಉಂಡ್ಯಾ ಮಗಳೇ?" ಎಂದು ಕೇಳುತ್ತಾಳೆ. ಅಷ್ಟು ಕೇಳಿಸಿಕೊಂಡು ಆನೆ ಒಂದು ತೆನೆಯನ್ನೂ ತುಳಿಯದೆ ಕಾಡಿಗೆ ಮರಳುತ್ತದೆ.

ಮುದುಕಿ ನಿಲ್ಲಿಸಿ ಕಾದಳು. "ಹೂಂ ಅಂದ್ರೇ ಕಥೆ ಮುಗಿಯಾದು. ಅನ್ನವ್ವ."

ಯಕ್ಷಿಯ ಕೊನೆಯನ್ನು ಅಷ್ಟು ಸಲೀಸಾಗಿ ಹೇಳಿದ್ದ ಲತಾಮಣಿಯ ಬಾಯಿಂದ ಹೂಂ ಹೊರಡಲಿಲ್ಲ.