ಟೋಕನ್ ತೆಗೆದುಕೊಂಡು ಕೂತವರು

ಮೊನ್ನೆ ಸಂಜೆ ಕಾಮಾಕ್ಷಿಪಾಳ್ಯದ ನನ್ನ ಕ್ಲಿನಿಕ್ಕಿನಲ್ಲಿ ಇದ್ದಕ್ಕಿದ್ದಂತೆ ನೀಲಗಿರಿ ಎಣ್ಣೆಯ ವಾಸನೆ ಬಂತು. ಇಬ್ಬರು ಪೇಷಂಟುಗಳ ನಡುವೆ ಸಿಕ್ಕ ಬಿಡುವಿನಲ್ಲಿ ನಾನು ಫೋನು ಹಿಡಿದು ಕೂತಿದ್ದೆ. ನಮ್ಮ ವೈದ್ಯರ ಸಂಘದ ವರ್ಷಾಂತ್ಯದ ಸಂಚಿಕೆಗೆ ಸದಸ್ಯರ ಸುದ್ದಿಗಳು ವಾಟ್ಸ್ಯಾಪಿನಲ್ಲಿ ಬಂದು ಬೀಳುತ್ತಿದ್ದವು. ಒಬ್ಬರ ಮಗಳಿಗೆ ಪಿಜಿ ಸೀಟು ಸಿಕ್ಕಿದೆ. ಒಬ್ಬರು ಹೊಸ ಸ್ಕ್ಯಾನಿಂಗ್ ಮೆಷಿನ್ ತಂದಿದ್ದಾರೆ. ಇನ್ನೊಬ್ಬರು ಯುರೋಪು ಸುತ್ತಿ ಬಂದು, ಹಿಮದ ನಡುವೆ ಕೆಂಪು ಜಾಕೆಟ್ಟು ತೊಟ್ಟು ನಿಂತ ಫೋಟೊ ಕಳಿಸಿ, "ಬಣ್ಣದಲ್ಲೇ ಹಾಕಿ ಮೇಡಂ" ಎಂದು ಬರೆದಿದ್ದಾರೆ. ಅಷ್ಟರಲ್ಲಿ ಬಾಗಿಲು ಸರಿಸಿ ಒಬ್ಬ ಅಜ್ಜ ಒಳಗೆ ಬಂದರು. ವಾಸನೆ ಅವರ ಕರ್ಚೀಫಿನದು. ತಲೆಯೆತ್ತಿ ನೋಡುವ ಮೊದಲೇ ನನ್ನ ಬಾಯಿಂದ "ಏನ್ಸಾರ್ ಸುದ್ದಿ?" ಎಂಬ ಮಾತು ಬಂದುಬಿಟ್ಟಿತ್ತು. ಅಜ್ಜ ಪಾಪ ಗಾಬರಿಯಾಗಿ, "ಸುದ್ದಿ ಏನಿಲ್ಲ ಮೇಡಂ, ಬರೀ ನೆಗಡಿ" ಎಂದರು.

ನಮ್ಮ ಸಂಘದ ಹಳೆಯ ಕಾರ್ಯದರ್ಶಿಗಳು ಆ ವಾಸನೆಯನ್ನು ಜೊತೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಅವರೂ ಡಾಕ್ಟರೇ. ದಾವಣಗೆರೆ ಕಡೆಯಿಂದ ಓದಲು ಬಂದು ಬಸವೇಶ್ವರನಗರದಲ್ಲಿ ನೆಲೆ ನಿಂತವರು. ಮಹಡಿಯಲ್ಲಿ ಸಂಸಾರ, ಕೆಳಗೆ ಕ್ಲಿನಿಕ್ಕು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಬೇಸಿಗೆಯಲ್ಲೂ ಬಿಡದ ಬೂದು ಸ್ವೆಟರು, ಸ್ಕೂಟರಿಗೆ ನೇತುಹಾಕಿದ ಬಟ್ಟೆ ಚೀಲ. ವರ್ಷದ ಕೊನೆ ಬಂತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಇದ್ದ ಸದಸ್ಯರ ಸುದ್ದಿಯನ್ನೆಲ್ಲ ಅವರೇ ತಿರುಗಾಡಿ ಕೂಡಿಸುತ್ತಿದ್ದರು. ಫೋನು ಮಾಡಿ ಕೇಳಬಾರದೇ ಎಂದರೆ, "ಫೋನಲ್ಲಿ ಕೇಳಿದ್ರೆ ಎಲ್ರೂ ಚೆನ್ನಾಗೇ ಇರ್ತಾರಮ್ಮ" ಅನ್ನುತ್ತಿದ್ದರು.

ಅವರ ಕ್ರಮವೇ ಬೇರೆ. ಯಾರದೇ ಕ್ಲಿನಿಕ್ಕಿಗೆ ಹೋದರೂ ತಾನು ಡಾಕ್ಟರು ಎಂದು ಹೇಳುತ್ತಿರಲಿಲ್ಲ. ಎಲ್ಲರಂತೆ ಟೋಕನ್ ತೆಗೆದುಕೊಂಡು, ಕೆಮ್ಮುವವರ ನಡುವೆ ಬೆಂಚಿನ ಮೇಲೆ ಕೂತು, ನೀಲಗಿರಿ ಎಣ್ಣೆ ಹಾಕಿದ ಕರ್ಚೀಫನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದರು. ಏನು ತೊಂದರೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಏನಿಲ್ಲ, ಸುಮ್ನೆ ತೋರಿಸ್ಕೊಂಡು ಹೋಗೋಣ ಅಂತ." ತಮ್ಮ ಸರದಿ ಬಂದಾಗ ಒಳಗೆ ಹೋಗಿ, ಪೇಷಂಟಿನ ಸ್ಟೂಲಿನ ಮೇಲೆ ಕೂತು, "ಏನ್ ಡಾಕ್ಟ್ರೇ, ಏನು ಸುದ್ದಿ?" ಎನ್ನುವರು. ಹಿರಿಯ ಡಾಕ್ಟರುಗಳಿಗೆ ಇದರಿಂದ ಪೇಚಾಟ. ಸಂಘದ ಕಾರ್ಯದರ್ಶಿಯನ್ನು ಮುಕ್ಕಾಲು ಗಂಟೆ ಹೊರಗೆ ಕೂರಿಸಿದೆನಲ್ಲಾ ಎಂದು ಕೆಲವರಿಗೆ ಸಿಟ್ಟೂ ಬರುತ್ತಿತ್ತು. ಇವರಿಗೆ ಅದರ ಗೊಡವೆಯೇ ಇಲ್ಲ. ಡಾಕ್ಟರು ಸುಸ್ತಾಗಿದ್ದಾರೋ, ಸಿಡುಕುತ್ತಿದ್ದಾರೋ, ಮನೆಯಲ್ಲಿ ಏನಾದರೂ ಆಗಿದೆಯೋ, ಎಲ್ಲವೂ ಹೊರಗಿನ ಬೆಂಚಿನಲ್ಲಿ ಕೂತವರಿಗೆ ತಿಳಿಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ಅವರು ಮೊದಲ ಸಲ ನನ್ನ ಕ್ಲಿನಿಕ್ಕಿಗೆ ಬಂದಾಗ ಬೆಂಚಿನಲ್ಲಿ ಯಾರೂ ಇರಲಿಲ್ಲ. ಆಗ ನಾನು ಬಾಗಿಲು ತೆರೆದು ವರ್ಷ ತುಂಬುತ್ತಾ ಬಂದಿತ್ತು. ಎದುರಿಗೇ ಗಾರ್ಮೆಂಟ್ ಫ್ಯಾಕ್ಟರಿ, ಹಿಂದೆ ಲೇತ್ ಮೆಷಿನ್ನಿನ ಶೆಡ್ಡುಗಳು, ಕಣ್ಣು ಹಾಯಿಸಿದ ಕಡೆಯೆಲ್ಲ ಜನ. ಆದರೂ ನನ್ನ ಹೊಸ್ತಿಲು ತುಳಿಯುವವರು ಕಡಿಮೆ. ಖಾಲಿ ಕ್ಲಿನಿಕ್ಕಿಗೆ ಜನ ಬರುವುದಿಲ್ಲ. ಜನ ಬರದೆ ಕ್ಲಿನಿಕ್ಕು ತುಂಬುವುದಿಲ್ಲ. ಇದನ್ನು ಯಾವ ಮೆಡಿಕಲ್ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. "ಇವತ್ತು ಹೇಗಿತ್ತು?" ಎಂದು ಕೇಳುವುದನ್ನು ಮಾತ್ರ ನಿಲ್ಲಿಸಿದ್ದರು. ನನಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಸ್ಟೂಲಿನ ಮೇಲೆ ಕೂತು ಅವರು ಸುದ್ದಿ ಕೇಳಿದಾಗ ನಾನು, "ಕ್ಲಿನಿಕ್ ಮುಚ್ಚಿದಾರೆ ಅಂತ ಹಾಕ್ಕೊಳ್ಳಿ ಸಾರ್. ಹೊಸ ವರ್ಷಕ್ಕೆ ಯಾವುದಾದ್ರೂ ನರ್ಸಿಂಗ್ ಹೋಮಿಗೆ ಡ್ಯೂಟಿ ಡಾಕ್ಟ್ರಾಗಿ ಸೇರ್ಕೊಳ್ತೀನಿ" ಎಂದೆ. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಕಣ್ಣು ತುಂಬಿಕೊಂಡಿತು.

ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಕರ್ಚೀಫನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಸಂಚಿಕೆ ಆಗ್ಲೇ ಪ್ರೆಸ್ಸಿಗೆ ಹೋಗಿ ಆಯ್ತಲ್ಲಮ್ಮ. ಈಗ ಏನೂ ಸೇರ್ಸಕ್ಕಾಗಲ್ಲ. ಮುಂದಿನ ವರ್ಷ ಹಾಕೋಣ. ಅಲ್ಲೀತನಕ ಬಾಗ್ಲು ತೆಗ್ದಿರಿ" ಎಂದರು. ಸಂಚಿಕೆ ಪ್ರೆಸ್ಸಿಗೆ ಹೋಗಿಯೇ ಇರಲಿಲ್ಲ ಎಂಬುದು ಅದು ಅಚ್ಚಾಗಿ ಕೈಗೆ ಬಂದಾಗ ತಿಳಿಯಿತು. ಅವರು ನನ್ನ ಹತ್ತಿರ ಬಂದುಹೋದ ಎಷ್ಟೋ ದಿನಗಳ ಮೇಲೆ ನಡೆದ ಮದುವೆಯೊಂದರ ಸುದ್ದಿ ಅದರಲ್ಲಿತ್ತು!

ಅದಾದ ಮೇಲೆ ಅವರು ಆಗಾಗ ಬರತೊಡಗಿದರು. ಫ್ಯಾಕ್ಟರಿ ಬಿಡುವ ಹೊತ್ತಿಗೆ ಸರಿಯಾಗಿ ಬಂದು, ಟೋಕನ್ ತೆಗೆದುಕೊಂಡು, ರಸ್ತೆಗೆ ಕಾಣುವ ತುದಿಯಲ್ಲಿ ಕೂರುತ್ತಿದ್ದರು. ನಾನು ಒಳಗೆ ಕರೆದರೆ, "ನಿಧಾನಕ್ಕಾಗ್ಲಿ, ನಂಗೇನು ಅವಸರ ಇಲ್ಲ" ಎಂದು ಪೇಪರು ಬಿಡಿಸಿಕೊಳ್ಳುವರು. ಹೀಗೇ ಒಂದು ಸಂಜೆ, ಬೆರಳಿಗೆ ಸೂಜಿ ನೆಟ್ಟು ಕೀವಾಗಿದ್ದ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು ಅವರನ್ನೇ ಕೇಳಿದಳು. "ಇಲ್ಲಿ ಡಾಕ್ಟ್ರು ಹೆಂಗೆ ತಾತ?"

"ಚೆನ್ನಾಗಿ ನೋಡ್ತಾರೆ ಕಣಮ್ಮ, ಕೂತ್ಕೋ. ನಂದು ಆಮೇಲಾಗ್ಲಿ, ನೀನು ಮೊದ್ಲು ಹೋಗು."

ಮರುದಿನ ಅವಳು ಜೊತೆಯವಳನ್ನು ಕರೆತಂದಳು. ಆ ಜೊತೆಯವಳು ತನ್ನ ಅತ್ತೆಯನ್ನು...

ಅವರು ಏನು ಮಾಡುತ್ತಿದ್ದಾರೆ ಎಂದು ಹೊಳೆದಾಗ ನನಗೆ ಕಸಿವಿಸಿಯಾಯಿತು. "ಇದು ಮೋಸ ಅಲ್ವಾ ಸಾರ್? ಪೇಷಂಟ್ ಅಲ್ದೇ ಪೇಷಂಟ್ ಥರ ಕೂರೋದು?" ಎಂದು ಕೇಳಿಯೇ ಬಿಟ್ಟೆ. ಅವರು ಸ್ವೆಟರಿನ ತೋಳು ಮೇಲೆತ್ತಿ ಕೈ ಚಾಚಿದರು. "ಯಾರು ಹೇಳಿದ್ದು ಪೇಷಂಟ್ ಅಲ್ಲ ಅಂತ? ಬಿಪಿ ನೋಡಿ." ನೋಡಿದೆ. ಜಾಸ್ತಿ ಇತ್ತು. ಗುಳಿಗೆ ಬರೆದೆ, ಉಪ್ಪು ಕಡಿಮೆ ಮಾಡಿ ಎಂದು ಗದರಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಅಂದಿನಿಂದ ಅವರು ನನ್ನ ಕಾಯಂ ಪೇಷಂಟು.

ಮುಂದಿನ ವರ್ಷದ ಸಂಚಿಕೆಯಲ್ಲಿ ನನ್ನ ಕ್ಲಿನಿಕ್ಕು ಮುಚ್ಚಿದ ಸುದ್ದಿ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಬೆಂಚು ಸಾಲದೆ ಇನ್ನೊಂದನ್ನು ಹಾಕಿಸಿದೆ. ಮೆಟ್ರೊ ಓಡಾಡಲು ಶುರುವಾಯಿತು. ಅವರ ಸ್ಕೂಟರು ಮಾತ್ರ ಅದೇ, ಸ್ವೆಟರೂ ಅದೇ. ಡಿಸೆಂಬರಿನಲ್ಲಿ ಬಂದು ಜನರ ನಡುವೆ ಇಕ್ಕಟ್ಟಾಗಿ ಕೂತು, ತಮ್ಮ ಸರದಿಗೆ ಕಾದು, ಸುದ್ದಿ ಕೇಳಿ, ಬಿಪಿ ತೋರಿಸಿಕೊಂಡು ಹೋಗುವುದು ನಡೆದೇ ಇತ್ತು.

ಒಂದು ವರ್ಷ ಅವರು ಗಣೇಶನ ಹಬ್ಬದ ಹಿಂದೆಮುಂದೆ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಅವರನ್ನು ಕಂಡು ನನಗೆ ನಗು ಬಂತು. "ಏನ್ಸಾರ್, ಈ ಸಲ ಇಷ್ಟು ಬೇಗ ಸುದ್ದಿಗೆ ಬಂದ್ರಿ?"

"ಈ ಸಲ ಸುದ್ದಿ ನಂದೇ ಕಣಮ್ಮ" ಎಂದರು.

ಸ್ವೆಟರು ತೆಗೆದು, ತಾವೇ ಹೋಗಿ ಮಂಚದ ಮೇಲೆ ಮಲಗಿದರು. ಸ್ನಾನ ಮಾಡುವಾಗ ಬಲಗಡೆ ಪಕ್ಕೆಯ ಕೆಳಗೆ ಗಂಟಿನಂಥದೇನೋ ಕೈಗೆ ಸಿಕ್ಕಿತಂತೆ. "ಎಷ್ಟೋ ಜನರ ಹೊಟ್ಟೆ ಮುಟ್ಟಿದ ಕೈ ಇದು. ಆದ್ರೂ ಇದೊಂದ್ಸಲ ತಪ್ಪು ಹೇಳ್ತಿರಬೋದು ಅಂತ ಬಂದೆ. ನೀವೊಮ್ಮೆ ನೋಡಿ." ನಾನು ಕೈಯಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ, ಫ್ಯಾನು ನೋಡುತ್ತಿದ್ದರು. ಅವರ ಕೈ ಹೇಳಿದ್ದನ್ನೇ ನನ್ನ ಕೈಯೂ ಹೇಳಿತು. ಪೇಷಂಟುಗಳಿಗೆ ಹೇಳಲು ನಮ್ಮಲ್ಲಿ ತಯಾರಾದ ಮಾತುಗಳಿರುತ್ತವೆ. ಟೆಸ್ಟು ಮಾಡಿಸೋಣ, ಗಾಬರಿ ಬೇಡ, ಈಗ ಒಳ್ಳೊಳ್ಳೆ ಔಷಧಿ ಬಂದಿವೆ... ಅವೆಲ್ಲವನ್ನೂ ಅವರು ಬಲ್ಲರು. ನಾನು ಸ್ಕ್ಯಾನಿಂಗಿಗೆ ಚೀಟಿ ಬರೆಯಲು ಕೂತೆ.

ಅವರು ಎದ್ದು ಗುಂಡಿ ಹಾಕಿಕೊಳ್ಳುತ್ತಾ ಒಂದು ಮಾತು ಕೇಳಿದರು. ಟ್ರೀಟ್‌ಮೆಂಟ್ ತೆಗೆದುಕೊಳ್ಳುತ್ತಾರೆ, ಹೇಳಿದ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಸಂಘದಲ್ಲಿ ಯಾರಿಗೂ ಹೇಳಬಾರದು. "ಡಾಕ್ಟ್ರಿಗೇ ಕಾಯಿಲೆ ಅಂದ್ರೆ ಯಾರಮ್ಮ ಬರ್ತಾರೆ? ನಂಗೆ ಸಾಯೋದಕ್ಕೆ ಅಷ್ಟೇನೂ ಭಯ ಇಲ್ಲ. ಬದುಕಿರೋವಾಗ್ಲೇ ಬೆಂಚು ಖಾಲಿ ನೋಡಕ್ಕೆ ನನ್ನ ಕೈಲಾಗಲ್ಲ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಹತ್ತು ಡಾಕ್ಟರುಗಳಿರುವ ಕಡೆ ಇಂಥ ಗುಟ್ಟು ಉಳಿಯುವುದುಂಟೇ? ಸ್ವೆಟರು ದಿನದಿನಕ್ಕೆ ದೊಡ್ಡದಾಗುತ್ತಿದ್ದುದನ್ನು ನೋಡಿದರೇ ಸಾಕಾಗಿತ್ತು. ಅವರ ಪೇಷಂಟುಗಳೂ ನೋಡಿದರು. ಪಾಪ, ಅವರದೂ ತಪ್ಪಲ್ಲ. ಬಳಲಿದ ಮನುಷ್ಯನಿಗೆ ತೊಂದರೆ ಕೊಡುವುದೇಕೆಂದು ಕೆಲವರು, ಹೆದರಿಕೊಂಡು ಕೆಲವರು, ಪಕ್ಕದ ರಸ್ತೆಯ ಪಾಲಿಕ್ಲಿನಿಕ್ಕಿಗೆ ಹೋಗತೊಡಗಿದರು. ಅವರ ಹೆಂಡತಿ ಒಂದು ದಿನ ನನಗೆ ಫೋನು ಮಾಡಿ, "ಸಂಜೆ ಹೊತ್ತು ಒಬ್ರೇ ಕೂತಿರ್ತಾರಮ್ಮ. ಲೈಟು ಆರಿಸಿ ಮೇಲೆ ಬನ್ನಿ ಅಂದ್ರೆ ಕೇಳಲ್ಲ" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ.

ಮರುದಿನ ಸಂಜೆ ನನ್ನ ಕ್ಲಿನಿಕ್ಕನ್ನು ತಡವಾಗಿ ತೆರೆಯುವುದೆಂದು ಹೇಳಿ, ಆಟೊ ಹತ್ತಿ ಬಸವೇಶ್ವರನಗರಕ್ಕೆ ಹೋದೆ. ಖಾಲಿ ಬೆಂಚಿನ ಮೇಲೆ ಒಬ್ಬಳೇ ಕೂತು ಅವರ ಋಣ ಸ್ವಲ್ಪವಾದರೂ ತೀರಿಸಬೇಕು ಎಂಬ ಉಮೇದಿನಲ್ಲಿದ್ದೆ. ಹೋಗಿ ನೋಡಿದರೆ ಬೆಂಚಿನಲ್ಲಿ ಜಾಗವೇ ಇಲ್ಲ! ವಿಜಯನಗರದ ಮಕ್ಕಳ ಡಾಕ್ಟರು, ರಾಜಾಜಿನಗರದ ಕಣ್ಣಿನ ಡಾಕ್ಟರು, ಕೆಂಗೇರಿಯಿಂದ ಬಂದಿದ್ದ ಮೂಳೆ ಡಾಕ್ಟರು, ಅವರ ಪಕ್ಕ ಉಲ್ಲಾಳದಲ್ಲಿ ಕ್ಲಿನಿಕ್ಕಿಟ್ಟಿದ್ದ ಗಂಡ ಹೆಂಡತಿ ಇಬ್ಬರೂ. ಎಲ್ಲರ ಕೈಯಲ್ಲೂ ಒಂದೊಂದು ಟೋಕನ್. ಅವರ ಹೆಂಡತಿ ಇವರಿಗೂ ಫೋನು ಮಾಡಿದ್ದಿರಬೇಕು. ಒಬ್ಬರು ಸೂರು ನೋಡುತ್ತಿದ್ದಾರೆ, ಒಬ್ಬರು ಗೋಡೆಯ ಮೇಲಿನ ಪೋಲಿಯೊ ಪೋಸ್ಟರನ್ನು ಜನ್ಮದಲ್ಲೇ ಕಂಡಿಲ್ಲ ಎನ್ನುವಂತೆ ಓದುತ್ತಿದ್ದಾರೆ. "ನೀವೇನು ಸಾರ್ ಇಲ್ಲಿ?" ಎಂದು ಮೂಳೆ ಡಾಕ್ಟರನ್ನು ಕೇಳಿದೆ.

"ಏನಿಲ್ಲ ಮೇಡಂ, ಸುಮ್ನೆ ತೋರಿಸ್ಕೊಂಡು ಹೋಗೋಣ ಅಂತ" ಎಂದರು ಅವರು.

ಆ ಮಾತು ಬಾಯಿಂದ ಬಿದ್ದದ್ದೇ ತಡ, ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ವರ್ಷ ಪ್ರತಿಯೊಬ್ಬರೂ ಖಾಲಿ ಬೆಂಚು ತುಂಬಿಸಲೆಂದು ಅವರು ತಮ್ಮೊಬ್ಬರ ಕ್ಲಿನಿಕ್ಕಿನಲ್ಲಿ ಮಾತ್ರ ಕೂತಿದ್ದರು ಎಂದುಕೊಂಡು, ನಾಚಿಕೆಗೆ ಯಾರಿಗೂ ಹೇಳದೆ ಇದ್ದುಬಿಟ್ಟಿದ್ದೆವು. ನಮ್ಮ ಕಸುಬಿನವರ ಬಿಂಕವೇ ಅಂಥದ್ದು. ಕ್ಲಿನಿಕ್ಕು ಒಂದು ಕಾಲದಲ್ಲಿ ಖಾಲಿ ಹೊಡೆಯುತ್ತಿತ್ತು ಎಂದು ಯಾವ ಡಾಕ್ಟರು ಬಾಯಿಬಿಡುತ್ತಾರೆ?

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಮಗುವನ್ನು ಎತ್ತಿಕೊಂಡು ಬಂದ ಒಬ್ಬ ಅಸಲಿ ಪೇಷಂಟು ಬಾಗಿಲಲ್ಲಿ ಇಣುಕಿ, "ಅಯ್ಯೋ, ಏನ್ ರಶ್ಶು! ನಾಳೆ ಬರ್ತೀನಿ" ಎಂದು ಹೊರಟೇ ಬಿಟ್ಟಳು. ಮಕ್ಕಳ ಡಾಕ್ಟರು ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗೆ ಓಡಿ, ಅವಳನ್ನು ಬೇಡಿಕೊಂಡು ಕರೆತಂದರು. ಗಲಾಟೆ ಕೇಳಿ ಒಳಗಿನಿಂದ ಅವರು ಬಾಗಿಲಿಗೆ ಬಂದು ನಿಂತರು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು.

"ನೀವೆಲ್ಲ ಇಲ್ಲಿ ಬಂದು ಕೂತ್ರೆ ಅಲ್ಲಿ ನಿಮ್ಮ ಪೇಷಂಟ್‌ಗಳನ್ನ ಯಾರ್ರೀ ನೋಡ್ತಾರೆ? ಕೂರೋಕೂ ಒಂದು ಲೆಕ್ಕ ಬೇಡ್ವಾ? ಒಂದು ದಿನಕ್ಕೆ ಒಬ್ರು ಸಾಕು" ಎಂದು ಗದರಿ, ಕರ್ಚೀಫಿನಿಂದ ಮುಖ ಮುಚ್ಚಿಕೊಂಡರು. ಆ ಸಂಜೆ ಅವರು ಅತ್ತದ್ದು ನೋಡಿ ನಾವೂ ಅತ್ತೆವು. ಅವರ ಹೆಂಡತಿ ಎಲ್ಲರಿಗೂ ಕಾಫಿ ತಂದುಕೊಟ್ಟು, "ಕುಡೀರಿ, ಆರಿಹೋಗುತ್ತೆ" ಎಂದು ಬೇರೆ ಕಡೆ ತಿರುಗಿ ನಿಂತರು.

ಅವರು ಹೇಳಿದಂತೆಯೇ ಮಾಡಿದೆವು. ದಿನಕ್ಕೊಬ್ಬರು. ಬೆಂಚಿನಲ್ಲಿ ಜನ ಕಂಡು ಹಳೆಯ ಪೇಷಂಟುಗಳಲ್ಲಿ ಕೆಲವರು ಮರಳಿ ಬಂದರು. ಎಲ್ಲರೂ ಬಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಆ ಡಿಸೆಂಬರಿನ ಸಂಚಿಕೆಯನ್ನು ಅವರೇ ಸಿದ್ಧ ಮಾಡಿದರು. ಅದರಲ್ಲಿ ಎಲ್ಲರ ಸುದ್ದಿಯೂ ಇತ್ತು, ಎಂದಿನಂತೆ ಅವರದೊಂದು ಇರಲಿಲ್ಲ. ಆಸ್ಪತ್ರೆಗೆ ಕೊನೆಯ ಸಲ ಹೋಗುವ ಹಿಂದಿನ ಸಂಜೆಯೂ ಕ್ಲಿನಿಕ್ಕಿನ ದೀಪ ಉರಿಯುತ್ತಿತ್ತು, ಬೆಂಚಿನ ಮೇಲೆ ಜನರಿದ್ದರು. ಅವರು ತೀರಿಕೊಂಡ ಮೇಲೆ ಸಂಚಿಕೆಯ ಕೆಲಸ ನನ್ನ ಹೆಗಲಿಗೆ ಬಂತು. ಮುಂದಿನ ಡಿಸೆಂಬರಿನಲ್ಲಿ ನಾನು ಬರೆದ ಮೊದಲ ಸುದ್ದಿ ಅವರದೇ.

ಈಗ ಯಾರೂ ತಿರುಗಾಡುವುದಿಲ್ಲ. ನಾನೂ ತಿರುಗಾಡಲಿಲ್ಲ. ಸುದ್ದಿ ಫೋನಿಗೆ ಬರುತ್ತದೆ, ಎಲ್ಲರೂ ಚೆನ್ನಾಗೇ ಇರುತ್ತಾರೆ. ಮೊನ್ನೆ ಆ ನೆಗಡಿಯ ಅಜ್ಜನನ್ನು ಕಳಿಸಿದ ಮೇಲೆ ಮತ್ತೆ ಫೋನು ನೋಡಿದೆ. ಈ ವರ್ಷ ಶ್ರೀಗಂಧದ ಕಾವಲಿನಲ್ಲಿ ಕ್ಲಿನಿಕ್ಕು ತೆರೆದ ಹೊಸ ಸದಸ್ಯೆ ಬರೆದಿದ್ದಳು: "ನಂದೇನೂ ಸುದ್ದಿ ಇಲ್ಲ ಮೇಡಂ." ಪಕ್ಕದಲ್ಲಿ ಒಂದು ನಗುಮುಖ. ಆ ನಗುಮುಖ ನನಗೆ ಸರಿಕಾಣಲಿಲ್ಲ.

ನಿನ್ನೆ ಸಂಜೆ ಅಲ್ಲಿಗೆ ಹೋದೆ. ಹೊಸ ಬಣ್ಣ, ಸಾಲಾಗಿ ಸ್ಟೀಲಿನ ಕುರ್ಚಿಗಳು, ಒಂದರಲ್ಲೂ ಜನರಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಫೋನು ಕೆಳಗಿಟ್ಟು, "ಏನು ತೊಂದ್ರೆ ಆಂಟಿ?" ಎಂದಳು. "ಏನಿಲ್ಲಮ್ಮ, ಸುಮ್ನೆ ತೋರಿಸ್ಕೊಂಡು ಹೋಗೋಣ ಅಂತ" ಎಂದೆ. ಟೋಕನ್ ತೆಗೆದುಕೊಂಡು ರಸ್ತೆಗೆ ಕಾಣುವ ಕುರ್ಚಿಯಲ್ಲಿ ಕೂತೆ. ಹುಡುಗಿ ಒಳಗೆ ಹೋಗಿ ಎಂದಾಗ, ನಿಧಾನಕ್ಕಾಗಲಿ, ನನಗೇನು ಅವಸರವಿಲ್ಲ ಎಂದೆ. ಸಾಯಂಕಾಲದ ಜನ ತರಕಾರಿ ಚೀಲ ಹಿಡಿದು, ಮಕ್ಕಳ ಕೈ ಹಿಡಿದು ಹೋಗುತ್ತಿದ್ದರು. ನಮ್ಮ ಹಳೆಯ ಕಾರ್ಯದರ್ಶಿಗಳು ಇಲ್ಲ ಎನ್ನುವುದು ಇಷ್ಟು ವರ್ಷಗಳಲ್ಲಿ ಅಷ್ಟು ಗಟ್ಟಿಯಾಗಿ ನನಗೆ ಎಂದೂ ಅನ್ನಿಸಿರಲಿಲ್ಲ.

ಬಹಳ ಹೊತ್ತಿನ ಮೇಲೆ ಒಬ್ಬ ಹೆಂಗಸು ಮೆಟ್ಟಿಲ ಬಳಿ ನಿಂತು ಒಳಗೆ ಇಣುಕಿದರು. ಖಾಲಿ ಕುರ್ಚಿಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇಲ್ಲಿ ಡಾಕ್ಟ್ರು ಹೇಗೆ ಅಕ್ಕ?"

"ಚೆನ್ನಾಗಿ ನೋಡ್ತಾರೆ, ಬನ್ನಿ ಕೂತ್ಕೊಳ್ಳಿ" ಎಂದೆ. "ನಂದು ಆಮೇಲಾಗ್ಲಿ, ನೀವು ಮೊದ್ಲು ಹೋಗಿ."