ಪರದೆಯ ಮೇಲೆ ಗಿರಿಜಾ ಹೆಸರು

2006ರ ಒಂದು ಸಂಜೆ. ಅತ್ತೆಯ ಬಿಪಿ ಮಾತ್ರೆ ತರಲು ಜಯನಗರದ ಒಂದು ಮೆಡಿಕಲ್ ಸ್ಟೋರಿಗೆ ಹೋಗಿದ್ದೆ. ಬಿಲ್ ಮಾಡುತ್ತಿದ್ದಂತೆ ಅಂಗಡಿಯವರ ಕಂಪ್ಯೂಟರ್ ನಿಂತುಹೋಯಿತು. "ಮತ್ತೆ ಶುರುವಾಯ್ತು. ನೋಡಿ ಮೇಡಂ, ಏನೇನೋ ಬರುತ್ತೆ, ನಮಗೇನು ಅರ್ಥ ಆಗುತ್ತೆ?" ಎನ್ನುತ್ತಾ ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಪ್ರೋಗ್ರಾಂ ಎಲ್ಲಿ ಕೆಟ್ಟಿತೆಂದು ಪರದೆ ತೋರಿಸುತ್ತಿತ್ತು: ಡಿ ಡ್ರೈವ್, ಗಿರಿಜಾ ಎಂಬ ಫೋಲ್ಡರ್, ಬಿಲ್ಲಿಂಗ್ ಫೈಲ್, ಸಾಲು 412.

ಬಗ್ಗಿ ಆ ಹೆಸರನ್ನು ಇನ್ನೊಮ್ಮೆ ಓದಿದೆ.

ಗಿರಿಜಾ ಗದಗಿನವಳು. ಅದಕ್ಕೂ ಏಳೆಂಟು ವರ್ಷಗಳ ಹಿಂದೆ ಬಿಟಿಎಂ ಲೇಔಟಿನ ಒಂದು ಸಣ್ಣ ಕಂಪನಿಯಲ್ಲಿ ನಾವಿಬ್ಬರೂ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೆವು. ಇರುತ್ತಿದ್ದದ್ದೂ ಒಂದೇ ರೂಮಿನಲ್ಲಿ. ನನ್ನ ಪ್ರೋಗ್ರಾಂ ಕೆಟ್ಟರೆ ಬರೀ 'ತಪ್ಪಾಗಿದೆ' ಎಂದು ತೋರಿಸುತ್ತಿತ್ತು. ಅದನ್ನು ನೋಡಿ ಅವಳು, "ತಪ್ಪಾತು ಅಂದ್ರ ಎಲ್ಲಿ ಅಂತ ಹುಡಕೋದವಾ? ಪ್ರೋಗ್ರಾಂ ಓಡುವಾಗನ ತಾನು ಯಾವ ಫೈಲಿನ್ಯಾಗ, ಎಷ್ಟನೇ ಸಾಲಿನ್ಯಾಗ ಅದೀನಿ ಅಂತ ಅದ ಹೇಳ್ತೈತಿ. ನಾವು ಕೇಳಬೇಕಷ್ಟ" ಎಂದು ಪಕ್ಕ ಕೂತು ಕಲಿಸಿದ್ದಳು. ಅವಳ ಕೆಲಸವೆಲ್ಲ ಇರುತ್ತಿದ್ದದ್ದು ಅವಳ ಹೆಸರಿನದೇ ಫೋಲ್ಡರಿನಲ್ಲಿ. ಅವಳು ಬರೆದ ಪ್ರೋಗ್ರಾಂ ಈ ಅಂಗಡಿಯಲ್ಲಿ ಇನ್ನೂ ಓಡುತ್ತಿತ್ತು, ಅದೇ ಹೆಸರು ಈಗ ನನ್ನೆದುರಿಗಿತ್ತು.

ತಂದೆಗೆ ಹುಷಾರಿಲ್ಲವೆಂದು ಊರಿಗೆ ಹೋದವಳು ವಾಪಸ್ ಬರಲೇ ಇಲ್ಲ. ನನಗೆ ಮದುವೆಯಾಯಿತು, ಕೆಲಸ ಬಿಟ್ಟು ಬನಶಂಕರಿಗೆ ಬಂದೆ. ಅವಳೂ ಮನೆ ಬದಲಾಯಿಸಿರಬೇಕು, ನಾನು ಬರೆದ ಕಾಗದ ನನಗೇ ತಿರುಗಿ ಬಂತು.

ಅಂಗಡಿಯವರು ಕೀಬೋರ್ಡಿಗೆ ಕೈ ಹಾಕಿದರು. "ಸಾರ್, ಒಂದು ನಿಮಿಷ ಹಾಗೇ ಇರಲಿ" ಎಂದೆ. ಅವರು ವಿಚಿತ್ರವಾಗಿ ನೋಡಿ ಕೈ ಹಿಂದಕ್ಕೆ ತೆಗೆದರು. ಕಂಪ್ಯೂಟರ್ ಕೆಟ್ಟಾಗ ಅವರು ಫೋನ್ ಮಾಡುತ್ತಿದ್ದ, ಪ್ರೋಗ್ರಾಂ ನೋಡಿಕೊಳ್ಳುವ ಕಂಪನಿಯ ನಂಬರ್ ಕೇಳಿ ತೆಗೆದುಕೊಂಡು, ಅಲ್ಲಿಂದಲೇ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು. ಗಿರಿಜಾ ಇದ್ದಾರಾ ಎಂದು ಕೇಳಿ, ಪರದೆಯ ಮೇಲಿದ್ದ ಫೋಲ್ಡರಿನ ಹೆಸರನ್ನೂ ಹೇಳಿದೆ.

"ಗಿರಿಜಾ ಅಂತ ಇಲ್ಲಿ ಯಾರೂ ಇಲ್ಲ ಮೇಡಂ. ಓ, ಆ ಫೋಲ್ಡರಾ? ನಾನು ಸೇರಿದಾಗಿಂದ್ಲೂ ಹಾಗೇ ಇದೆ. ಯಾರೋ ದೇವರ ಹೆಸರು ಇಟ್ಟಿದಾರೆ ಅಂದ್ಕೊಂಡಿದ್ವಿ."

"ಅದನ್ನ ಬದಲಾಯಿಸಬೇಡಿ" ಎಂದೆ.

"ಆಯ್ತು ಮೇಡಂ" ಎಂದಳು. ಯಾಕೆ ಎಂದು ಕೇಳಲಿಲ್ಲ.

ಗಿರಿಜಾ ಎಲ್ಲಿದ್ದಾಳೋ, ಹೇಗಿದ್ದಾಳೋ ಇವತ್ತಿಗೂ ತಿಳಿದಿಲ್ಲ. ನಮ್ಮ ಮನೆ ಪಕ್ಕದಲ್ಲೇ ಔಷಧಿ ಅಂಗಡಿ ಬಂದ ಮೇಲೂ ಬಹಳ ಕಾಲ ನಾನು ಜಯನಗರಕ್ಕೇ ಹೋಗುತ್ತಿದ್ದೆ. ಕಂಪ್ಯೂಟರ್ ಕೆಡದೆ, ಆ ಹೆಸರು ಕಾಣದೆ ಬಿಲ್ ಕೈಗೆ ಬಂದ ದಿನ, ಹೇಳಿದರೆ ನಗುತ್ತೀರಿ, ಮನಸ್ಸಿಗೆ ಪಿಚ್ಚೆನಿಸುತ್ತಿತ್ತು.