ಕೆಳಗಿನ ತುದಿ

ನಮ್ಮನೆಯವರಿಗೆ ಜಂಬ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ನಮ್ಮ ಕಸುಬು. ಪಾತ್ರೆ, ಪುಸ್ತಕ, ಬಟ್ಟೆಬರೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬುವವಳು ನಾನು. ಅವನ್ನು ಮೆಟ್ಟಿಲಿಳಿಸಿ ಲಾರಿಗೆ ಏರಿಸುವವರು ಅವರು. ಮದುವೆಯಾದ ಹೊಸತರಲ್ಲಿ ತಮ್ಮ ಬಗ್ಗೆ ಅವರು ಹೇಳಿಕೊಂಡ ಮೊದಲ ಮಾತೇ, "ನಾನು ಯಾವತ್ತೂ ಕೆಳಗಿನ ತುದಿ ಹಿಡಿಯೋನು" ಎಂದು. ಇದೂ ಒಂದು ದೊಡ್ಡಸ್ತಿಕೆಯೇ ಎಂದು ನನಗೆ ನಗು ಬಂದಿತ್ತು.

ನಾನೂ ಮೆಟ್ಟಿಲು ಹತ್ತಿಳಿದ ಮೇಲೆ ನಗು ನಿಂತಿತು. ಇಬ್ಬರು ಒಂದು ಬೀರುವನ್ನು ಎತ್ತಿಕೊಂಡು ಸಮತಟ್ಟು ನೆಲದಲ್ಲಿ ನಡೆದರೆ ಭಾರ ಇಬ್ಬರಿಗೂ ಸರಿಪಾಲು. ಮೆಟ್ಟಿಲಿಗೆ ಬಂದು ಬೀರು ಓರೆಯಾಯಿತೋ, ಪಾಲು ಕೆಟ್ಟಿತು. ಭಾರವೆಲ್ಲ ಕೆಳಗಿನವನ ಕಡೆಗೆ ವಾಲುತ್ತದೆ. ಮೇಲಿನವನು ಬಾಗಿ ಸಂಭಾಳಿಸಿದರೆ ಸಾಕು, ಕೆಳಗಿನವನು ಹೊರಲೇಬೇಕು. ಹತ್ತಿಸುವಾಗ ಸಾಮಾನು ಬರಲಾರೆ ಎಂದು ಹಟ ಮಾಡುತ್ತದೆ, ಅಷ್ಟೇ. ಇಳಿಸುವಾಗ ಅದಕ್ಕೆ ನಮಗಿಂತ ಹೆಚ್ಚು ಅವಸರ. ನೆಲ ಅದನ್ನು ಎಳೆಯುತ್ತಲೇ ಇರುತ್ತದೆ, ನಡುವೆ ನಿಂತು ತಡೆಯುವವನು ಕೆಳಗಿನ ತುದಿಯವನೊಬ್ಬನೇ. ಅದೂ ಹಿಮ್ಮುಖವಾಗಿ ಹೆಜ್ಜೆ ಇಡುತ್ತಾ.

ಮೇಲಿನ ತುದಿಗೆ ಮೊದಲು ನನ್ನ ಮೈದುನ ಇದ್ದ. ಅವನು ಸೋಫಾ ರಿಪೇರಿ ಅಂಗಡಿ ಹಾಕಿಕೊಂಡು ಹೋದ ಮೇಲೆ ಬಂದವಳು ನಮ್ಮ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಪುಟ್ಟಿ ಎಂದು ಕರೆದೆವು. ಈಗ ಅಪ್ಪನಿಗಿಂತ ಗೇಣುದ್ದ ಎತ್ತರ, ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುತ್ತಾಳೆ. ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಬಂದು, "ಜನರ ಕಾಲು ನೋಡಿ ನೋಡಿ ಸಾಕಾಯ್ತು. ಮೇಲಿನ ತುದಿ ನಾನು ಹಿಡೀತೀನಿ" ಎಂದಳು.

ಇವರು ಕೂಡಲೆ ಒಪ್ಪಿಕೊಳ್ಳುವ ಆಸಾಮಿಯಲ್ಲ. ಸಾಮಾನು ಇಡುವ ನಮ್ಮ ಗೋದಾಮಿನ ಉದ್ದನೆಯ ಹಾದಿಯಲ್ಲಿ ಸುಣ್ಣದ ಗೆರೆ ಎಳೆದು, ಖಾಲಿ ಕೈಗಾಡಿ ಕೊಟ್ಟು, "ತಳ್ಕೊಂಡು ಓಡು. ಗೆರೆ ಹತ್ರ ನಿಲ್ಲಿಸು" ಎಂದರು. ಓಡಿದಳು, ನಿಲ್ಲಿಸಿದಳು, ಇಷ್ಟೇನಾ ಎನ್ನುವ ಮುಖ ಮಾಡಿದಳು. ಆಮೇಲೆ ಅದೇ ಗಾಡಿಗೆ ಪುಸ್ತಕದ ಪೆಟ್ಟಿಗೆಗಳನ್ನು ಪೇರಿಸಿದರು. ಈ ಸಲ ಗಾಡಿ ಅಲ್ಲಾಡುವುದಕ್ಕೇ ಅವಳು ಹಲ್ಲು ಕಚ್ಚಬೇಕಾಯಿತು. ಒಮ್ಮೆ ಓಟ ಹಿಡಿದ ಮೇಲೆ ಸೊಗಸಾಗಿ ಹೋಯಿತು. ಗೆರೆಯ ಹತ್ತಿರ ಇವಳು ನಿಂತಳು, ಗಾಡಿ ನಿಲ್ಲಲಿಲ್ಲ. ಇವಳನ್ನೂ ಎಳೆದುಕೊಂಡು ಹೋಗಿ ಗೋಡೆಗೆ ಗುದ್ದಿತು.

"ನೋಡ್ದ್ಯಾ?" ಎಂದರು ಇವರು, ಗಾಡಿಯನ್ನು ತಾವೇ ಹೆತ್ತವರ ಹಾಗೆ. "ಭಾರದ್ದು ಹೊರಡೋಕೂ ಸೋಮಾರಿ, ನಿಲ್ಲೋಕೂ ಸೋಮಾರಿ. ನಿಲ್ಲಿಸಬೇಕು ಅಂದ್ರೆ ಗೆರೆಗಿಂತ ಎಷ್ಟೋ ಮುಂಚೆ ಹಿಡಿತ ಶುರು ಮಾಡ್ಬೇಕು."

"ಮೊದಲೇ ಹೇಳಬಾರದಿತ್ತಾ, ಅಪ್ಪ?"

"ಹೇಳಿದ್ರೆ ಕಿವಿಗೆ ಹೋಗ್ತಿತ್ತು. ಈಗ ಕೈಗೆ ಹೋಯ್ತು."

ಹಾಗೆ ಅಪ್ಪ ಮಗಳ ಜೋಡಿ ಕೂಡಿತು. ಎರಡನೇ ಮಹಡಿಯಿಂದ ಗಾಜಿನ ಕಪಾಟನ್ನು ಇವರಿಬ್ಬರೂ ಇಳಿಸುವುದನ್ನು ನೋಡಲು ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನಗೂ ಎದೆ ಉಬ್ಬುತ್ತಿತ್ತು, ಸುಳ್ಳೇಕೆ.

ಆದರೆ ಇವರ ಬಲಮಂಡಿ ಊದತೊಡಗಿತು. ಕೆಲಸ ಮುಗಿಸಿ ಬಂದರೆ ಮಂಡಿ ಮಡಚಿ ಕೂರಲಾಗದು. ಡಾಕ್ಟರು ಭಾರ ಹೊರಬೇಡಿ ಎಂದರು. ಇವರು ಡಾಕ್ಟರ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದರು. "ಅಪ್ಪ, ಇನ್ಮೇಲೆ ಕೆಳಗೆ ನಾನು ಹೋಗ್ತೀನಿ" ಎಂದು ಮಗಳು ಅಂದಾಗ ಮುಖ ಊದಿಸಿಕೊಂಡು, "ನಾನಿನ್ನೂ ಸತ್ತಿಲ್ಲ" ಎಂದರು. ನನಗೆ ಬೇಕಿದ್ದದ್ದು ಇಷ್ಟೇ: ಅವರ ಕಾಲೂ ಉಳಿಯಬೇಕು, ಅವರ ತಲೆಯೂ ತಗ್ಗಬಾರದು. ಎರಡೂ ಒಟ್ಟಿಗೆ ಆಗುವ ದಾರಿ ಕಾಣುತ್ತಿರಲಿಲ್ಲ.

ದಾರಿ ಕಂಡದ್ದು ನನಗೇ. ಪೆಟ್ಟಿಗೆ ತುಂಬುವವಳು ನಾನಲ್ಲವೇ? ಇಬ್ಬರು ಹೊರುವ ನಮ್ಮ ಉದ್ದನೆಯ ಮರದ ಪೆಟ್ಟಿಗೆಗೆ ಮೊದಲೆಲ್ಲ ಭಾರದ್ದನ್ನು ನಡುವೆ ಇಟ್ಟು, ಹಗುರದ್ದನ್ನು ಸುತ್ತ ತುರುಕುತ್ತಿದ್ದೆ. ಈಗ ಪುಸ್ತಕ, ಕಬ್ಬಿಣ, ಪಿಂಗಾಣಿ ಎಲ್ಲ ಒಂದು ಕಡೆ. ದಿಂಬು, ಪರದೆ, ಚಾದರ ಇನ್ನೊಂದು ಕಡೆ. ಭಾರದ ತುದಿ ಮೇಲೆ, ಮಗಳ ಕೈಗೆ. ದಿಂಬಿನ ತುದಿ ಕೆಳಗೆ, ಅಪ್ಪನ ಕೈಗೆ. ಮಗಳಿಗೆ ಕಣ್ಸನ್ನೆ ಮಾಡಿದರೆ ಸಾಕು, ಯಾವ ಕಡೆ ಹಿಡಿಯಬೇಕೆಂದು ತಿಳಿಯುತ್ತಿತ್ತು. ಖಾನೆಗಳು ಒಂದೇ ಬದಿಗಿರುವ ಮೇಜನ್ನೂ ಹೀಗೇ ತಿರುಗಿಸಿ ಹಿಡಿಯುತ್ತಿದ್ದಳು. ಬಾಗಿ ಬಾಗಿ ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ.

ಇವರ ಹಾರಾಟವನ್ನು ಆಗ ನೋಡಬೇಕಿತ್ತು. "ನೋಡೇ, ಡಾಕ್ಟರಿಗೆ ಏನು ಗೊತ್ತು? ಈ ವಯಸ್ಸಲ್ಲಿ ಶಕ್ತಿ ಜಾಸ್ತೀನೇ ಆಗ್ತಿದೆ!" ಎಂದು ತೋಳು ಮಡಚಿ ತೋರಿಸುತ್ತಿದ್ದರು. ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡದೆ ನಗು ನುಂಗುತ್ತಿದ್ದೆವು. ಮಂಡಿಯ ಊತವೂ ಸ್ವಲ್ಪ ಇಳಿದಿತ್ತು.

ಎಡವಟ್ಟಾದದ್ದು ಒಬ್ಬ ವಕೀಲರ ಮನೆಯಲ್ಲಿ. ಪೆಟ್ಟಿಗೆಯ ಒಂದು ತುದಿಯಲ್ಲಿ ಅವರ ದಪ್ಪ ದಪ್ಪ ಪುಸ್ತಕಗಳನ್ನೆಲ್ಲ ಜೋಡಿಸಿದ್ದೆ. ಮೊದಲ ಸಾಲು ಮೆಟ್ಟಿಲನ್ನು ಅಪ್ಪ ಮಗಳು ಆರಾಮವಾಗಿ ಇಳಿದರು. ನಡುವೆ ಒಂದು ಕಟ್ಟೆ, ಅಲ್ಲಿಂದ ಮೆಟ್ಟಿಲು ಹಿಂದಕ್ಕೆ ಹೊರಳಿ ಕೆಳಗಿಳಿಯುತ್ತದೆ. ಬೇರೆ ಮನೆಗಳಲ್ಲಾದರೆ ಇಂಥ ಕಡೆ ಪೆಟ್ಟಿಗೆಯನ್ನು ಸುತ್ತ ತಿರುಗಿಸಿ, ಅದೇ ತುದಿಯನ್ನು ಮತ್ತೆ ಕೆಳಗೆ ಮಾಡುತ್ತಾರೆ. ಈ ಕಟ್ಟೆ ಕಿರಿದು, ತಿರುಗಿಸಲು ಜಾಗವಿಲ್ಲ. ಪೆಟ್ಟಿಗೆಯನ್ನು ಇದ್ದ ಹಾಗೇ ಕೆಳಗಿಟ್ಟು ಪಕ್ಕಕ್ಕೆ ಸರಿಸಿದರು. ಈಗ ಕೆಳಮೆಟ್ಟಿಲಿನ ಕಡೆಗೆ ಮುಖ ಮಾಡಿದ್ದು ಪುಸ್ತಕದ ತುದಿ. ಇವರು ಅಭ್ಯಾಸದಂತೆ ಸುತ್ತಿ ಬಂದು ಕೆಳಗೆ ನಿಂತರು.

ಹಿಂದೆ ಕನ್ನಡಿ ಹಿಡಿದು ಬರುತ್ತಿದ್ದ ನನಗೆ ಅದು ಹೊಳೆಯಿತು. ಮಗಳಿಗೂ ಹೊಳೆಯಿತು. "ಅಪ್ಪ, ಇದೊಂದ್ಸಲ ನಾನು ಕೆಳಗೆ ಬರ್ತೀನಿ" ಎಂದಳು.

"ಸುಮ್ನೆ ಹಿಡಿಯೇ. ಹೂವಿನ ಹಾಗಿದೆ ಪೆಟ್ಟಿಗೆ!" ಎಂದು ಎತ್ತುತ್ತಲೇ ಹೆಜ್ಜೆ ಇಟ್ಟುಬಿಟ್ಟರು.

ಹೂವನ್ನು ನಂಬಿದ ಕಾಲು ಹಗುರವಾಗಿ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಿತು. ವಕೀಲರ ಪುಸ್ತಕಗಳೆಲ್ಲ ಒಮ್ಮೆಲೇ ಅವರ ಕೈಮೇಲೆ ಬಿದ್ದವು. ಮಂಡಿ ಕುಸಿಯಿತು. ಪೆಟ್ಟಿಗೆ ಮೆಟ್ಟಿಲಂಚಿಗೆ ಬಡಿದು ಜಾರತೊಡಗಿತು. ಮಗಳು ಅದನ್ನು ಹಿಂದಕ್ಕೆ ಎಳೆಯಲು ಹೋಗಲಿಲ್ಲ. ಎಳೆದಿದ್ದರೆ ಅವಳೂ ಅದರ ಹಿಂದೆಯೇ ಹೋಗುತ್ತಿದ್ದಳು. ತನ್ನ ತುದಿಗೆ ಭುಜಕೊಟ್ಟು ಪಕ್ಕಕ್ಕೆ ನೂಕಿ, ಗೋಡೆಗೂ ಕಂಬಿಗೂ ನಡುವೆ ಅಡ್ಡ ಸಿಕ್ಕಿಸಿಬಿಟ್ಟಳು. ಗೋಡೆಯ ಗಾರೆ ಕಿತ್ತು ಬಂತು, ಮುಚ್ಚಳ ಹಾರಿತು, ಪೆಟ್ಟಿಗೆ ನಿಂತಿತು.

ಇವರು ಕೆಳಗಿನ ಮೆಟ್ಟಿಲಿನಲ್ಲಿ ಕುಳಿತುಬಿಟ್ಟಿದ್ದರು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವರ ಕಣ್ಣು ತೆರೆದ ಪೆಟ್ಟಿಗೆಯ ಮೇಲಿತ್ತು. ಒಂದು ಕಡೆ ಬರೀ ಪುಸ್ತಕ, ಇನ್ನೊಂದು ಕಡೆ ಬರೀ ದಿಂಬು.

"ಯಾರು ತುಂಬಿದ್ದು ಇದನ್ನ?"

"ಇನ್ಯಾರ್ರೀ, ನಾನೇ."

"ಯಾವಾಗಿಂದ ನಡೀತಿದೆ ಇದು?"

"ನಿಮ್ಮ ಮಂಡಿ ಊದಿದಾಗಿಂದ. ಬೇರೆ ದಾರಿ ಎಲ್ಲಿತ್ತು, ನೀವೇ ಹೇಳಿ!" ಹೆದರಿಕೆಗೆ ನನಗೂ ಸಿಟ್ಟು ಬಂದಿತ್ತು.

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು: "ಕೆಳಗಿರೋನ ಕೈಗೆ ಸುಳ್ಳು ಹೇಳಬಾರದು ಕಣೇ. ಕೈ ಏನು ಹೇಳುತ್ತೋ ಕಾಲು ಅದನ್ನೇ ನಂಬೋದು."

ಆಮೇಲೆ ನಾನು ಬಡಿಸಿದ್ದನ್ನು ತಿಂದು ಏಳುತ್ತಿದ್ದರು, ಕೆಲಸಕ್ಕೆ ಬರಲಿಲ್ಲ. ತೋಳಿನಲ್ಲಿ ಶಕ್ತಿ ಉಕ್ಕುತ್ತಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಮನುಷ್ಯನಿಗೆ, ಅದು ದಿಂಬಿನ ಶಕ್ತಿ ಎಂದು ಗೊತ್ತಾದರೆ ಏನಾದೀತು?

ಕೊನೆಗೆ ಮಗಳೇ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತಳು.

"ಅಪ್ಪ, ಒಂದು ಕೇಳ್ತೀನಿ. ಸಿಟ್ಟು ಆಮೇಲೆ ಮಾಡ್ಕೋ, ಮೊದಲು ನಿಜ ಹೇಳು. ಇಷ್ಟು ದಿನ ಭಾರದ ಕಡೆ ಹಿಡಿದಿದ್ದು ನಾನು. ಒಂದ್ಸಲನಾದ್ರೂ ಭಾರ ನಿನ್ನ ಮೇಲೆ ಬಿಟ್ಟೆನಾ?"

ಅವರು ಕಿಟಕಿ ಕಡೆ ನೋಡಿದರು, ನೆಲ ನೋಡಿದರು. ಅವಳು ಏಳಲಿಲ್ಲ. ಅಪ್ಪನ ಹಟವೇ ಅವಳಿಗೂ ಬಂದಿದೆ.

"ಇಲ್ಲ" ಎಂದರು.

ಮುಂದಿನ ಕೆಲಸ ಒಬ್ಬ ಟೈಲರಮ್ಮನದು. ಮೂರನೇ ಮಹಡಿಯಿಂದ ಅವರ ಕಬ್ಬಿಣದ ಬೀರು ಇಳಿಸಬೇಕು. ಮೆಟ್ಟಿಲು ಕಡಿದು, ಬೀರು ಆನೆಯಂಥದು. ಇವರೂ ಬಂದಿದ್ದರು, ಯಾಕೆಂದು ಹೇಳಿರಲಿಲ್ಲ. ಬೀರುವನ್ನು ಮೆಟ್ಟಿಲ ತಲೆಗೆ ತಂದು ಮಲಗಿಸಿದೆವು. ಇವರು ಅದರ ಸುತ್ತ ಒಮ್ಮೆ ನಡೆದರು. ಬೀರುವಿನ ತಲೆಯ ಕಡೆ ಎತ್ತಿ ನೋಡಿದರು, ಕಾಲಿನ ಕಡೆ ಎತ್ತಿ ನೋಡಿದರು. ಈಗಲೂ ಕೆಳಗೆ ಹೋಗುತ್ತೇನೆಂದರೆ ಕಾಲು ಕಟ್ಟಿ ಹಾಕುವುದೇ ಎಂದು ತೀರ್ಮಾನಿಸಿದ್ದೆ.

"ಪುಟ್ಟೀ, ಕೆಳಗೆ ಇಳಿ" ಎಂದರು.

ಮಗಳು ಒಂದು ಗಳಿಗೆ ಅಪ್ಪನ ಮುಖ ನೋಡಿ ಇಳಿದು ನಿಂತಳು.

"ಕಾಲು ಅಡ್ಡ ಇಡು. ತೋಳಲ್ಲಿ ಅಲ್ಲ, ತೊಡೆಯಲ್ಲಿ ಹೊರು. ಅದನ್ನ ಓಡೋಕೆ ಬಿಡಬೇಡ, ಒಂದೊಂದು ಮೆಟ್ಟಿಲಿಗೂ ಪೂರ್ತಿ ನಿಲ್ಲಿಸು. ಭಾರ ಜಾಸ್ತಿ ಅನಿಸಿದ್ರೆ ನಾಚಿಕೆ ಬೇಡ, ಕೂಗು."

ಬೀರು ಓರೆಯಾಯಿತು. ಭಾರ ಅವಳ ಮೇಲೆ ಬಂದದ್ದು ನನಗೇ ಕಂಡಿತು. ಕತ್ತಿನ ನರ ಉಬ್ಬಿತು, ಪಾದ ಮೆಟ್ಟಿಲನ್ನು ಕಚ್ಚಿ ಹಿಡಿಯಿತು. ಮೇಲಿನಿಂದ ಇವರು "ಇಳಿ... ನಿಲ್ಲು. ಇಳಿ... ನಿಲ್ಲು" ಎನ್ನುತ್ತಿದ್ದರು. ಪ್ರತಿ "ನಿಲ್ಲು"ವಿಗೂ ಬೀರು ನಿಂತಿತು. ಕೊನೆಕೊನೆಗೆ ಇವರ ದನಿ ನಡುಗುತ್ತಿತ್ತು, ಹೊತ್ತವಳ ಕಾಲು ನಡುಗಲಿಲ್ಲ. ನೆಲ ಬಂದಾಗ ಬೀರುವನ್ನು ಮಲಗಿದ್ದ ಮಗುವಿನ ಹಾಗೆ ಇಳಿಸಿದಳು. ನನ್ನ ಕಣ್ಣಲ್ಲಿ ನೀರು ಬಂತು. ಇಂಥ ಮಗಳನ್ನು ಹೆತ್ತದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು.

ಬೀದಿಯಲ್ಲಿ ಕಾಯುತ್ತಿದ್ದ ಟೈಲರಮ್ಮ ಬೀರುವನ್ನು ಸವರಿ ನೋಡಿ, ಇವರ ಕಡೆ ತಿರುಗಿ, "ಅಬ್ಬಬ್ಬಾ, ಈ ವಯಸ್ಸಲ್ಲೂ ಏನು ಶಕ್ತಿ ರೀ ನಿಮ್ದು!" ಎಂದರು.

ನಮ್ಮನೆಯವರು ಪಕ್ಕಕ್ಕೆ ಸರಿದು ನಿಂತರು, ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದವಳು ಎಲ್ಲರಿಗೂ ಕಾಣಲಿ ಎಂದು. ಆಮೇಲೆ ಲಾರಿಯವನಿಗೂ, ಎದುರು ಅಂಗಡಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನಂದೇನಿಲ್ಲಮ್ಮ. ನಾನು ಮೇಲೆ ಸುಮ್ನೆ ಹಿಡ್ಕೊಂಡಿದ್ದೆ. ಹೊತ್ತಿದ್ದು ನನ್ನ ಮಗಳು."